ಶಂಭುನಾಥ ಡೇ ಅವರ ಪೇಪರುಗಳು, ಅವಕ್ಕೆ ಬಂದ ಉಲ್ಲೇಖಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೂತವನಿಗೆ ವರ್ಷಕ್ಕೆ ಎರಡು ಜಾತ್ರೆ. ಪಿಜಿ ವಿದ್ಯಾರ್ಥಿಗಳು ಥೀಸಿಸ್ ಒಪ್ಪಿಸುವಾಗ ಒಂದು, ಅಧ್ಯಾಪಕರ ಬಡ್ತಿಯ ಅರ್ಜಿಗಳು ಹೊರಟಾಗ ಇನ್ನೊಂದು. ಆಗೆಲ್ಲ ಕಂಪ್ಯೂಟರ್ ಮುಂದೆ ಸಾಲು. "ಸಾರ್, ನನ್ನ ಎಚ್-ಇಂಡೆಕ್ಸ್ ಎಷ್ಟಾಯ್ತು ನೋಡಿ" ಎಂಬಲ್ಲಿಂದ ಮಾತು ಶುರು. ಒಬ್ಬರ ಸಂಶೋಧನಾ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರಿಸುವುದು ಉಲ್ಲೇಖ; ಆ ಉಲ್ಲೇಖಗಳ ಲೆಕ್ಕದಿಂದ ಸಂಶೋಧಕರಿಗೆ ಕೊಡುವ ಒಂದು ಅಂಕ ಎಚ್-ಇಂಡೆಕ್ಸ್. ವಿವರಿಸಲು ಹೊರಟಾಗಲೆಲ್ಲ ನಾನು ಎಳೆದು ತರುವ ಹೆಸರು ಒಂದೇ: ಕಲ್ಕತ್ತೆಯ ರೋಗಶಾಸ್ತ್ರಜ್ಞ ಶಂಭುನಾಥ ಡೇ. ಸಾಲಿನಲ್ಲಿ ನಿಂತವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಈ ಡೇ ಯಾರು? ನಮ್ಮ ಪಠ್ಯಪುಸ್ತಕದಲ್ಲಿ ಹೆಸರೇ ನೋಡಿಲ್ಲವಲ್ಲ?

ಹೆಸರು ನೋಡಿರಲಿಕ್ಕಿಲ್ಲ, ಕೆಲಸವನ್ನು ಓದಿಯೇ ಇರುತ್ತೀರಿ. ಕಾಲರಾ ರೋಗಾಣು ಕರುಳಿನೊಳಗೆ ಒಂದು ವಿಷ ಸುರಿಸುತ್ತದೆ, ಆ ವಿಷವೇ ದೇಹದ ನೀರನ್ನೆಲ್ಲ ಹೊರಗೆಳೆಯುತ್ತದೆ ಎಂದು ಮೈಕ್ರೋಬಯಾಲಜಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೀರಲ್ಲ, ಅದನ್ನು ಪ್ರಯೋಗದಿಂದ ತೋರಿಸಿದವರು ಇವರು.

ಹುಟ್ಟಿದ್ದು 1915ರಲ್ಲಿ, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ, ಅಲ್ಲೇ ರೋಗಶಾಸ್ತ್ರ ವಿಭಾಗ ಸೇರಿದರು. 1947ರಲ್ಲಿ ಲಂಡನ್ನಿಗೆ ಹೋಗಿ ರಾಯ್ ಕ್ಯಾಮರನ್ ಅವರ ಕೈಕೆಳಗೆ ಕೆಲಸ ಮಾಡಿ, 1949ರಲ್ಲಿ ಪಿಎಚ್.ಡಿ. ಪಡೆದು ವಾಪಸಾದರು. ಮೊದಲು ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜು, 1955ರಿಂದ ಮತ್ತೆ ಕಲ್ಕತ್ತಾ ಮೆಡಿಕಲ್ ಕಾಲೇಜು. ನಿವೃತ್ತಿ 1973ರಲ್ಲಿ, ನಿಧನ 1985ರಲ್ಲಿ. ಬಯೋಡೇಟಾ ಇಷ್ಟೇ. ಇಂದಿನ ಯಾವ ಆಯ್ಕೆ ಸಮಿತಿಯ ಕಣ್ಣಿಗೂ ಬೀಳದಷ್ಟು ಸಾಧಾರಣ.

ಅವರ ಪೇಪರುಗಳಲ್ಲಿ ಮುಖ್ಯವಾದವು ಯಾವುವು?

ಇಂದಿನವರ ಪಟ್ಟಿಗಳ ಪಕ್ಕದಲ್ಲಿಟ್ಟರೆ ಡೇ ಅವರದ್ದು ಚಿಕ್ಕ ಪಟ್ಟಿ. ಅದರಲ್ಲಿ ಮೂರು ಪೇಪರುಗಳ ಮೇಲೆ ಬೆರಳಿಡಬಹುದು.

ಮೊದಲನೆಯದು 1953ರದ್ದು, ಡಿ. ಎನ್. ಚಟರ್ಜಿ ಅವರೊಂದಿಗೆ ಬರೆದು 'ಜರ್ನಲ್ ಆಫ್ ಪೆಥಾಲಜಿ ಅಂಡ್ ಬ್ಯಾಕ್ಟೀರಿಯಾಲಜಿ'ಯಲ್ಲಿ ಪ್ರಕಟಿಸಿದ್ದು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ರೇಷ್ಮೆ ದಾರದಿಂದ ಎರಡೂ ಕಡೆ ಬಿಗಿದು, ನಡುವೆ ಕಾಲರಾ ರೋಗಾಣು ಬೆಳೆದ ದ್ರವವನ್ನು ಚುಚ್ಚಿ ಬಿಡುವುದು. ಮರುದಿನ ತೆಗೆದು ನೋಡಿದರೆ ಆ ತುಂಡು ಬಲೂನಿನಂತೆ ಉಬ್ಬಿ, ಒಳಗೆ ಅಕ್ಕಚ್ಚಿನಂಥ ನೀರು ತುಂಬಿರುತ್ತಿತ್ತು. ರೋಗಿಯ ಭೇದಿಯಲ್ಲಿ ಕಾಣುವಂಥದ್ದೇ ನೀರು. ರೋಗಾಣುವಿಲ್ಲದ ದ್ರವ ಚುಚ್ಚಿದ ಪಕ್ಕದ ತುಂಡು ಇದ್ದ ಹಾಗೇ ಇರುತ್ತಿತ್ತು. ಸೂಜಿ, ದಾರ, ಮೊಲ ಇದ್ದರೆ ಸಾಕು, ದುಬಾರಿ ಯಂತ್ರವೊಂದೂ ಬೇಡ.

ಎರಡನೆಯದು 1956ರದ್ದು. ಹೀಗೆ ಎರಡೂ ಕಡೆ ಬಿಗಿದ ಕರುಳ ಕುಣಿಕೆಯಲ್ಲಿ ಈ ಸಲ ಪರೀಕ್ಷೆಗೊಳಗಾದದ್ದು ಭೇದಿಯ ರೋಗಿಗಳಿಂದ ತೆಗೆದ ಕೋಲೈ (ಇ. ಕೋಲೈ) ಬ್ಯಾಕ್ಟೀರಿಯಾ. ಅವುಗಳಲ್ಲಿ ಕೆಲವು ಕಾಲರಾದ ಹಾಗೇ ನೀರು ತುಂಬಿಸಿದವು. ಕೋಲೈಯೂ ಕಾಲರಾದಂತೆ ಭೇದಿ ತರಬಲ್ಲದು ಎಂಬ ತಿಳಿವಳಿಕೆಗೆ ಇದು ಬುನಾದಿ. ನನ್ನ ಮಟ್ಟಿಗೆ ಇದು 1959ರ ಪೇಪರಿನಷ್ಟೇ ದೊಡ್ಡದು. ಆದರೆ ಡೇ ಅವರ ಹೆಸರೆತ್ತುವವರಲ್ಲೂ ಇದನ್ನು ನೆನೆಯುವವರು ಕಡಿಮೆ.

ಮೂರನೆಯದು 'ನೇಚರ್' ಪತ್ರಿಕೆಯಲ್ಲಿ 1959ರ ಮೇ 30ರಂದು ಬಂದದ್ದು. ಅದಕ್ಕೆ ಪ್ರತ್ಯೇಕ ಪ್ರಶ್ನೆಯೇ ಮುಂದಿದೆ. ಇವಲ್ಲದೆ 1961ರಲ್ಲಿ ಎಡಿನ್‌ಬರೋದಿಂದ ಕಾಲರಾ ಬಗ್ಗೆ ಅವರದ್ದೊಂದು ಪುಸ್ತಕವೂ ಹೊರಬಂತು.

1959ರ ಪೇಪರಿನಲ್ಲಿ ಅಂಥದ್ದೇನಿತ್ತು?

ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಗೆ ಬಂದು ಕಾಲರಾ ರೋಗಾಣುವನ್ನು ಬೇರ್ಪಡಿಸಿದಾಗಲೇ, ಇದು ಯಾವುದೋ ವಿಷದ ಮೂಲಕ ಕೆಲಸ ಮಾಡುತ್ತಿರಬೇಕು ಎಂದು ಊಹಿಸಿದ್ದರು. ಅಲ್ಲಿಂದ ಮುಂದೆ ಎಪ್ಪತ್ತೈದು ವರ್ಷ ಜನ ಆ ವಿಷವನ್ನು ಹುಡುಕಿದರು. ಪ್ರಾಣಿಗಳ ರಕ್ತನಾಳಕ್ಕೆ, ಚರ್ಮದಡಿಗೆ, ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿ ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಗಿತ್ತು. ರೋಗ ಇರುವುದು ಕರುಳಿನ ಒಳಮೈಯಲ್ಲಿ, ವಿಷ ಬೀಳಬೇಕಾದದ್ದೂ ಅಲ್ಲೇ.

ಡೇ ರೋಗಾಣು ಬೆಳೆದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಒಂದೂ ಉಳಿಯದ ತಿಳಿಯನ್ನು ಮಾತ್ರ ಕರುಳ ಕುಣಿಕೆಗೆ ಹಾಕಿದರು. ಕರುಳು ಉಬ್ಬಿತು. ಜೀವಂತ ರೋಗಾಣು ಇಲ್ಲದೆಯೂ ಕಾಲರಾದ ನೀರು ಬಂತು ಎಂದ ಮೇಲೆ ಅದು ರೋಗಾಣು ಹೊರಗೆ ಬಿಟ್ಟ ವಿಷದ್ದೇ ಕೆಲಸ. ಪೇಪರಿಗೆ ಲೇಖಕರು ಡೇ ಒಬ್ಬರೇ.

ಅದೇ ವರ್ಷ ಬೊಂಬಾಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತಾ ಮತ್ತು ಸಂಗಡಿಗರು ಎಳೆಯ ಮೊಲಗಳ ಮೇಲೆ ಪ್ರಯೋಗ ಮಾಡಿ ವಿಷದ ಕಡೆಗೇ ಕೈತೋರುವ ಪೇಪರ್ ಪ್ರಕಟಿಸಿದ್ದರು. ಡೇ ಕಥೆ ಹೇಳುವಾಗ ಅದನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಅಷ್ಟು ದೊಡ್ಡ ಸಂಗತಿ 'ನೇಚರ್'ನಲ್ಲೇ ಬಂದರೂ ಜನ ಕೂಡಲೇ ಉಲ್ಲೇಖಿಸಲಿಲ್ಲ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದೇ. "ಬಿಳಿಯರು ಕಡೆಗಣಿಸಿದರು" ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ.

ಕಾಲರಾದಲ್ಲಿ ಕರುಳಿನ ಒಳಪೊರೆ ಕಿತ್ತುಹೋಗಿ ನೀರು ಸೋರುತ್ತದೆ ಎಂಬ ಹಳೆಯ ನಂಬಿಕೆ ಆಗಿನ್ನೂ ಗಟ್ಟಿಯಾಗಿತ್ತು. ಒಳಪೊರೆ ಕಿತ್ತುಹೋಗುವುದಾದರೆ ವಿಷದ ಊಹೆಗೆ ಕೆಲಸವೇ ಇಲ್ಲವಲ್ಲ. ಬ್ಯಾಂಕಾಕ್‌ನಲ್ಲಿ ಗ್ಯಾಂಗರೋಸಾ ಮತ್ತು ಸಂಗಡಿಗರು ಬದುಕಿರುವ ರೋಗಿಗಳ ಕರುಳಿನಿಂದ ಚೂರು ತೆಗೆದು, ಒಳಪೊರೆ ಸರಿಯಾಗಿಯೇ ಇದೆ ಎಂದು ತೋರಿಸಿದ್ದು 1960ರಲ್ಲಿ. ಡೇ ಪೇಪರ್ ಬಂದಾಗ ಅದನ್ನು ಕೂರಿಸಿಕೊಳ್ಳುವ ಜಾಗವೇ ಇನ್ನೂ ತಯಾರಾಗಿರಲಿಲ್ಲ.

ಇನ್ನೊಂದು ದುಡ್ಡಿನ ವಿಷಯ. 1950ರ ದಶಕದ ಕೊನೆಗೆ ಕಾಲರಾ ಎಂದರೆ ಗಂಗೆಯ ಬಯಲಿನ ಬಡವರ ಕಾಯಿಲೆ ಎಂಬ ಭಾವನೆ. ಅದರ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ಓದುವವರೇ ಇಲ್ಲದ ಮೇಲೆ ಉಲ್ಲೇಖಿಸುವವರು ಎಲ್ಲಿಂದ ಬರಬೇಕು? 1960ರ ಕೊನೆಗೆ ಢಾಕಾದಲ್ಲಿ ಅಮೆರಿಕದ ಬೆಂಬಲದಿಂದ ಕಾಲರಾ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. 1961ರಲ್ಲಿ ಇಂಡೊನೇಷ್ಯಾದಿಂದ ಎಲ್ ಟಾರ್ ಎಂಬ ಕಾಲರಾ ತಳಿಯ ಹೊಸ ಪಿಡುಗು ಹೊರಟು ದೇಶದಿಂದ ದೇಶಕ್ಕೆ ಹಬ್ಬಿತು. ಹಣ ಬಂತು, ಜನ ಬಂದರು, ಅವರ ಹಿಂದೆಯೇ ಉಲ್ಲೇಖಗಳೂ ಬಂದವು. ಅಷ್ಟು ಹೊತ್ತಿಗೆ ಡೇ ಆ ಕೆಲಸದಿಂದ ಬಹುಪಾಲು ದೂರ ಸರಿದಿದ್ದರು. ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ಅಮೆರಿಕದ ಡಲ್ಲಾಸ್‌ನಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ, 1969ರಲ್ಲಿ.

ಇದನ್ನೇನಾ 'ನಿದ್ದೆ ಹೋದ ಪೇಪರ್' ಅನ್ನುವುದು?

ಹೌದು. ಬರುವಾಗ ಸದ್ದಿಲ್ಲದೆ ಬಂದು, ವರ್ಷಗಟ್ಟಲೆ ಮಲಗಿದ್ದು, ಆಮೇಲೆ ಒಮ್ಮೆಲೇ ಎಚ್ಚರಾಗುವ ಪೇಪರುಗಳಿಗೆ ನೆದರ್ಲೆಂಡ್ಸ್‌ನ ಫಾನ್ ರಾನ್ ಎಂಬವರು 2004ರಲ್ಲಿ ಯುರೋಪಿನ ಕಥೆಯ ಮಲಗಿದ ರಾಜಕುಮಾರಿ 'ಸ್ಲೀಪಿಂಗ್ ಬ್ಯೂಟಿ'ಯ ಹೆಸರಿಟ್ಟರು. ನಮ್ಮಲ್ಲಾದರೆ ಕುಂಭಕರ್ಣನ ಹೆಸರು ಇಡಬಹುದಿತ್ತು. ಎಬ್ಬಿಸಲು ನಗಾರಿ, ಆನೆ ಎಲ್ಲ ಬೇಕಾದದ್ದು ನೋಡಿದರೆ ಅದೇ ಹೆಚ್ಚು ಹೊಂದುತ್ತದೆ.

ಡೇ ಅವರ ಉಲ್ಲೇಖಗಳನ್ನು ಲೆಕ್ಕ ಹಾಕಿದವರು ಯಾರು?

ಯೂಜೀನ್ ಗಾರ್‌ಫೀಲ್ಡ್. ಯಾವ ಪೇಪರನ್ನು ಯಾರು ಉಲ್ಲೇಖಿಸಿದರು ಎಂಬುದರ ಸೂಚಿಯನ್ನು, ಅಂದರೆ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಅನ್ನು, 1964ರಲ್ಲಿ ಹೊರತಂದ ಅಮೆರಿಕದವರು. ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿರುವವರೂ ಇವರೇ. ಡೇ ಪೇಪರ್ ಬಂದ 1959ರಲ್ಲಿ ಆ ಸೂಚಿಯೇ ಇರಲಿಲ್ಲ. ತನ್ನ ಪೇಪರನ್ನು ಯಾರು ಓದುತ್ತಿದ್ದಾರೆ ಎಂದು ತಿಳಿಯಲು ಡೇ ಅವರಿಗಿದ್ದ ದಾರಿ, ಬೇರೆಯವರಿಂದ ಬರುವ ಅಂಚೆ ಪತ್ರ ಮತ್ತು ಗ್ರಂಥಾಲಯಕ್ಕೆ ತಿಂಗಳುಗಟ್ಟಲೆ ತಡವಾಗಿ ಬರುವ ಜರ್ನಲ್ ಮಾತ್ರ.

1986ರಲ್ಲಿ, ಡೇ ತೀರಿಕೊಂಡ ಮರುವರ್ಷ, ಗಾರ್‌ಫೀಲ್ಡ್ ತಮ್ಮ 'ಕರೆಂಟ್ ಕಂಟೆಂಟ್ಸ್' ವಾರಪತ್ರಿಕೆಯಲ್ಲಿ ಕಾಲರಾ ಸಂಶೋಧನೆಯ ಉಲ್ಲೇಖಗಳ ನಕ್ಷೆ ಬಿಡಿಸಿ, ಅದರಲ್ಲಿ ಡೇ ಎಲ್ಲಿದ್ದಾರೆ ಎಂದು ತೋರಿಸಿದರು. 1959ರ ಪೇಪರ್ ಇಂದು ಮೈಲಿಗಲ್ಲು, ಆದರೆ ಎಷ್ಟೋ ವರ್ಷ ಯಾರೂ ಗುರುತಿಸಿರಲಿಲ್ಲ ಎಂಬುದು ಅವರು ಬರೆದದ್ದರ ಸಾರ. ಉಲ್ಲೇಖ ಎಣಿಸುವ ವ್ಯವಸ್ಥೆ ಕಟ್ಟಿದವರೇ ಆ ಎಣಿಕೆಗೆ ಇಷ್ಟು ದಿನ ಸಿಗದಿದ್ದ ಒಬ್ಬರನ್ನು ಎತ್ತಿ ತೋರಿಸಿದರಲ್ಲ, ಅದಕ್ಕೇ ನನಗೆ ಈ ಪ್ರಸಂಗ ಇಷ್ಟ.

ಡೇ ಇಂದು ಇದ್ದಿದ್ದರೆ ಅವರ ಎಚ್-ಇಂಡೆಕ್ಸ್ ಹೇಗಿರುತ್ತಿತ್ತು?

ಕಡಿಮೆ. ಕಾರಣ ಎಚ್-ಇಂಡೆಕ್ಸಿನ ಸ್ವಭಾವದಲ್ಲೇ ಇದೆ. ಅಮೆರಿಕದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಮುಂದಿಟ್ಟ ಲೆಕ್ಕ ಇದು: ಕನಿಷ್ಠ 10 ಉಲ್ಲೇಖ ಬಂದ ಪೇಪರು ನಿಮ್ಮಲ್ಲಿ 10 ಇದ್ದರೆ ಎಚ್ 10, ಕನಿಷ್ಠ 20 ಬಂದವು 20 ಇದ್ದರೆ ಎಚ್ 20.

ಕಾಗದದ ಮೇಲೆ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬರದ್ದು ಐದೇ ಪೇಪರು, ಉಲ್ಲೇಖಗಳು 900, 400, 60, 4, 3. ಒಟ್ಟು 1,367. ಎಚ್ ಮಾತ್ರ 4. ಇನ್ನೊಬ್ಬರದ್ದು ಮೂವತ್ತು ಪೇಪರು, ಒಂದೊಂದಕ್ಕೂ ಮೂವತ್ತು ಉಲ್ಲೇಖ. ಒಟ್ಟು 900, ಎಚ್ 30. ಮೊದಲನೆಯವರ 900ರ ಪೇಪರಿಗೆ ನಾಳೆ ಒಂಬತ್ತು ಸಾವಿರ ಬಂದರೂ ಅವರ ಎಚ್ 4ರಿಂದ ಕದಲುವುದಿಲ್ಲ. ವರ್ಷ ವರ್ಷ ತಪ್ಪದೆ ಸಾಧಾರಣ ಫಸಲು ತೆಗೆಯುವವರಿಗೆ ಈ ಲೆಕ್ಕ ಅನುಕೂಲ. ಬದುಕಿನಲ್ಲಿ ಒಮ್ಮೆ ಬಂಗಾರ ಬೆಳೆದವರಿಗೆ ಅಲ್ಲ.

ಎಚ್ ಎಂದೂ ಇಳಿಯುವುದಿಲ್ಲ, ವಯಸ್ಸಾದಂತೆ ಏರುತ್ತಲೇ ಹೋಗುತ್ತದೆ. ಮೂವತ್ತರ ಅಸಿಸ್ಟೆಂಟ್ ಪ್ರೊಫೆಸರನ್ನು ಅರವತ್ತರ ವಿಭಾಗ ಮುಖ್ಯಸ್ಥರ ಜೊತೆ ಎಚ್ ಹಿಡಿದು ತೂಗುವುದು ಮೊಮ್ಮಗನನ್ನು ಅಜ್ಜನ ಎತ್ತರದಲ್ಲಿ ಅಳೆದಂತೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬೇರೆಯಾ?

ಪೂರ್ತಿ ಬೇರೆ. ಅದು ಜರ್ನಲ್‌ನ ಅಂಕ, ನಿಮ್ಮದಲ್ಲ. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ, ಆ ಜರ್ನಲ್ 2022 ಮತ್ತು 2023ರಲ್ಲಿ ಪ್ರಕಟಿಸಿದ ಲೇಖನಗಳಿಗೆ 2024ರಲ್ಲಿ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಕಿಟಕಿ ಎರಡೇ ವರ್ಷದ್ದು. 1959ರ ಪೇಪರಿಗೆ 1960 ಮತ್ತು 1961ರಲ್ಲಿ ಬಂದದ್ದಷ್ಟೇ ಇಂಥ ಲೆಕ್ಕದೊಳಗೆ ಬೀಳುತ್ತಿತ್ತು. ನಿದ್ದೆಯಿಂದ ಎದ್ದ ಮೇಲೆ ಬಂದದ್ದೆಲ್ಲ ಹೊರಗೆ.

ಜರ್ನಲ್‌ನ ಈ ಅಂಕ ಹಿಡಿದು ವ್ಯಕ್ತಿಯನ್ನು ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆಯನ್ನೇ ಬರೆದರು. ಡೋರಾ ಎಂದು ಕರೆಯುವುದು ಅದನ್ನೇ. ಬಡ್ತಿಯ ಅರ್ಜಿಗಳಲ್ಲಿ ಆ ಕಾಲಂ ಮಾತ್ರ ಇನ್ನೂ ಹೋಗಿಲ್ಲ.

ಗೂಗಲ್ ಸ್ಕಾಲರ್‌ನಲ್ಲಿ ಒಂದು ಸಂಖ್ಯೆ, ಸ್ಕೋಪಸ್‌ನಲ್ಲಿ ಇನ್ನೊಂದು. ಯಾವುದನ್ನು ನಂಬಲಿ?

ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಸೂಚಿಗಳು ಆಯ್ದ ಜರ್ನಲ್‌ಗಳನ್ನು ಮಾತ್ರ ಎಣಿಸುತ್ತವೆ. ಗೂಗಲ್ ಸ್ಕಾಲರ್ ಥೀಸಿಸ್, ಪುಸ್ತಕ, ವರದಿ ಎಂದು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ದೊಡ್ಡದು. ಯಾವುದನ್ನು ಬರೆದರೂ ಅದರ ಹೆಸರನ್ನೂ ನೋಡಿದ ದಿನಾಂಕವನ್ನೂ ಜೊತೆಗೆ ಬರೆಯಿರಿ. ಪಬ್‌ಮೆಡ್ ವೈದ್ಯಕೀಯ ಪೇಪರು ಹುಡುಕಲು ಒಳ್ಳೆಯದು, ಉಲ್ಲೇಖ ಎಣಿಸಲು ಅಲ್ಲ.

ನನ್ನ ಹೆಸರಲ್ಲಿ ಬೇರೆ ಯಾರದೋ ಪೇಪರು ತೋರಿಸುತ್ತಿದೆ, ಏನು ಮಾಡಲಿ?

ನಮ್ಮ ಕಡೆಯವರಿಗೆ ಇದು ಹುಟ್ಟಿನಿಂದ ಬಂದ ತೊಂದರೆ. ಹಳೇ ಮೈಸೂರಿನ ಕಡೆಯ ಎಷ್ಟೋ ಜನಕ್ಕೆ ಮನೆತನದ ಹೆಸರು ಎಂಬುದೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಸ್ವಂತ ಹೆಸರು. ಜರ್ನಲ್‌ನ ಫಾರಂ 'ಕೊನೆಯ ಹೆಸರು' ಕೇಳುತ್ತದೆ. ಒಂದು ಸಲ 'ಕುಮಾರ್' ಎನ್ನುತ್ತೀರಿ, ಇನ್ನೊಂದು ಸಲ ಇನಿಷಿಯಲ್ ಹಾಕುತ್ತೀರಿ, ಮೂರನೇ ಸಲ ಅಪ್ಪನ ಹೆಸರನ್ನು ಬಿಡಿಸಿ ಬರೆಯುತ್ತೀರಿ. ಕಂಪ್ಯೂಟರಿಗೆ ನೀವು ಮೂವರು. ಅತ್ತ ಲೋಕದ ಕುಮಾರರೆಲ್ಲ ಸೇರಿ ಒಬ್ಬರು. ಡೇ ಅವರದ್ದು ಇನ್ನೊಂದು ಬಗೆ: ಯುರೋಪಿನ ಎಷ್ಟೋ ಹೆಸರುಗಳ ಮುಂದೆ ಬರುವ 'de' ಎಂಬ ಪುಟ್ಟ ಪದಕ್ಕೂ ಅವರ ಮನೆತನದ ಹೆಸರಿಗೂ ಇಂಗ್ಲಿಷ್ ಅಕ್ಷರ ಎರಡೂ ಒಂದೇ.

2012ರಲ್ಲಿ ಶುರುವಾದ ಆರ್ಕಿಡ್ ಎಂಬ ಹದಿನಾರು ಅಂಕಿಯ ಗುರುತು ಇದಕ್ಕೇ ಇರುವುದು. ಪುಕ್ಕಟೆ. ಮೊದಲ ಪೇಪರಿಗೂ ಮೊದಲೇ ಮಾಡಿಸಿಕೊಳ್ಳಿ, ಹೆಸರನ್ನು ಒಂದೇ ರೀತಿ ಬರೆಯುವುದು ಅಭ್ಯಾಸ ಮಾಡಿಕೊಳ್ಳಿ.

ಏನೇ ಅನ್ನಿ, ಉಲ್ಲೇಖ ಹೆಚ್ಚಿದ್ದರೆ ಪೇಪರ್ ಒಳ್ಳೆಯದು ತಾನೇ?

ಇರಬಹುದು. ಬಯ್ಯಲಿಕ್ಕೂ ಉಲ್ಲೇಖಿಸುತ್ತಾರೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ವೇಕ್‌ಫೀಲ್ಡ್ ಅವರ ಪೇಪರ್ 1998ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಅದರಲ್ಲಿದ್ದದ್ದು ಹನ್ನೆರಡು ಮಕ್ಕಳ ವಿವರ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದ ಪೇಪರುಗಳಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದವುಗಳ ಸಾಲಿನಲ್ಲಿ ಅದಿದೆ. ಎಣಿಕೆಯ ಯಂತ್ರಕ್ಕೆ ಹೊಗಳಿಕೆಯೂ ಒಂದೇ, ಛೀಮಾರಿಯೂ ಒಂದೇ.

ಇನ್ನು ವಿಧಾನದ ಪೇಪರುಗಳದ್ದು ಬೇರೆಯೇ ಲೋಕ. 2014ರಲ್ಲಿ 'ನೇಚರ್' ಪಟ್ಟಿ ಮಾಡಿದಾಗ ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದಿದ್ದದ್ದು ಪ್ರೋಟೀನ್ ಅಳೆಯುವ ಒಂದು ವಿಧಾನ: ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪೇಪರ್, ಮೂರು ಲಕ್ಷಕ್ಕೂ ಮೀರಿ. ಅದೇನೂ ಮಹಾ ಪೇಪರಲ್ಲ ಎಂದು ಲೌರಿಯವರೇ ಒಪ್ಪಿಕೊಂಡಿದ್ದರು. ಅಡುಗೆಗೆ ಉಪ್ಪು ಹಾಕುವವರೆಲ್ಲ ಉಪ್ಪಿನ ಅಂಗಡಿಯ ಹೆಸರು ಬರೆದಂತೆ ಅದು.

ವಿಚಿತ್ರವೆಂದರೆ ಉಪ್ಪು ಇನ್ನೂ ಸಾಮಾನ್ಯವಾದಾಗ ಅಂಗಡಿಯ ಹೆಸರೂ ಬಿಟ್ಟುಹೋಗುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು: ಒಂದು ವಿಚಾರ ಎಲ್ಲರ ಸೊತ್ತಾದ ಮೇಲೆ ಅದನ್ನು ಹೇಳಿದವರ ಹೆಸರು ಅಳಿಸಿಹೋಗುತ್ತದೆ. ಮೊಲದ ಕರುಳ ಕುಣಿಕೆಗೂ ಹೀಗೇ ಆಯಿತು. ಅದನ್ನು ಬಳಸಿ, 'ರೂಢಿಯ ವಿಧಾನದಂತೆ' ಎಂದಷ್ಟೇ ಬರೆದು ಮುಂದೆ ಹೋದರೆ ಡೇ ಹೆಸರಿಗೆ ಏನೂ ಜಮೆಯಾಗುವುದಿಲ್ಲ.

ಹಾಗಾದರೆ ರೋಗಿಗೆ ಆದ ಉಪಯೋಗವನ್ನು ಅಳೆಯುವುದು ಹೇಗೆ?

ಉಲ್ಲೇಖದಿಂದ ಆಗುವುದಿಲ್ಲ. ಕಾಲರಾದಲ್ಲೇ ಇನ್ನೊಂದು ಉದಾಹರಣೆ ಇದೆ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಬಂದಾಗ ಗಡಿಯ ಬನಗಾಂವ್‌ನಲ್ಲಿ ಡ್ರಿಪ್ಪಿನ ಬಾಟಲಿಗಳು ಮುಗಿದವು. ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ವರದಿ 1973ರಲ್ಲಿ ಬಂದದ್ದು 'ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಜರ್ನಲ್'ನಲ್ಲಿ. ಆ ಜರ್ನಲ್ ಈಗ ಇಲ್ಲವೇ ಇಲ್ಲ. ಓಆರ್‌ಎಸ್ ಪೊಟ್ಟಣ ಮಾತ್ರ ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಇದೆ. ಅದನ್ನು ನೀರಿಗೆ ಕದಡುವ ತಾಯಿ ಯಾರನ್ನೂ ಉಲ್ಲೇಖಿಸುವುದಿಲ್ಲ. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಪ್ರತಿ ವರ್ಷ ದಿನಪತ್ರಿಕೆಯಲ್ಲಿ ಬರುವ 'ಜಗತ್ತಿನ ಶೇ. 2 ವಿಜ್ಞಾನಿಗಳು' ಪಟ್ಟಿ ಏನು?

ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ತಯಾರಿಸುವ ಪಟ್ಟಿ. ಅದು ಪ್ರಶಸ್ತಿಯಲ್ಲ. ಯಾರೂ ಯಾರನ್ನೂ ಆರಿಸುವುದಿಲ್ಲ, ಲೆಕ್ಕ ತಾನಾಗಿ ಬೀಳುತ್ತದೆ. "ನಮ್ಮ ಕಾಲೇಜಿನ ಪ್ರಾಧ್ಯಾಪಕರಿಗೆ ಸ್ಟ್ಯಾನ್‌ಫರ್ಡ್ ಗೌರವ" ಎಂಬ ಸುದ್ದಿ ನೋಡಿದಾಗ ಇದು ನೆನಪಿರಲಿ. ಆದರೆ ಈ ಲೆಕ್ಕದಲ್ಲಿ ಒಂದು ಒಳ್ಳೆಯ ಗುಣವಿದೆ: ಒಬ್ಬರೇ ಬರೆದ, ಮೊದಲ ಇಲ್ಲವೇ ಕೊನೆಯ ಲೇಖಕರಾಗಿ ಬರೆದ ಪೇಪರುಗಳಿಗೆ ಬೇರೆ ತೂಕ ಕೊಡುತ್ತದೆ. ಜಾಗತಿಕ ರೋಗಭಾರದ ಅಧ್ಯಯನಗಳಂಥ, ನೂರಾರು ಲೇಖಕರ ಪೇಪರಿನಲ್ಲಿ ನಡುವೆಲ್ಲೋ ಒಂದು ಹೆಸರಾಗಿ ಕೂತು ಎಚ್-ಇಂಡೆಕ್ಸ್ ಏರಿಸಿಕೊಂಡವರು ಇಲ್ಲಿ ಸ್ವಲ್ಪ ಕೆಳಗಿಳಿಯುತ್ತಾರೆ.

ಡೇ ಅವರಿಗೆ ಬದುಕಿದ್ದಾಗ ಯಾವ ಗೌರವವೂ ಸಿಗಲಿಲ್ಲವೇ?

ದೇಶದೊಳಗೆ ದೊಡ್ಡದು ಯಾವುದೂ ಇಲ್ಲ. ಹೊರಗೆ, 1978ರಲ್ಲಿ ಸ್ವೀಡನ್ನಿನಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಕರೆದರು. ಅರವತ್ತರ ದಶಕದ ಮೊದಲಲ್ಲೇ ತಾನು ಸತ್ತುಹೋಗಿದ್ದೆ, ನೀವು ಹೂತಿದ್ದವನನ್ನು ಅಗೆದು ತೆಗೆದಿರಿ ಎಂಬರ್ಥದ ಮಾತನ್ನು ಡೇ ಅಲ್ಲಿ ಆಡಿದರು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು. ಬಹುಮಾನ ಬರಲಿಲ್ಲ.

ಭಾರತ ಅವರನ್ನು ನೆನೆದುಕೊಂಡದ್ದು 1990ರಲ್ಲಿ, ಅದೂ ಬೆಂಗಳೂರಿನಿಂದ. 1932ರಿಂದ ಇಲ್ಲಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಡೇ ಅವರಿಗಾಗಿ ಒಂದು ವಿಶೇಷ ಸಂಚಿಕೆ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಬರೆದರು, ಲೆಡರ್‌ಬರ್ಗ್ ಬರೆದರು. ಆ ಸಂಚಿಕೆ ಪತ್ರಿಕೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪಿಜಿ ಮಕ್ಕಳಿಗೆ ನಾನು ಮೊದಲು ಓದಿಸುವುದು ಅದನ್ನೇ.

ಇದೆಲ್ಲ ಸರಿ ಸಾರ್, ನನ್ನ ಬಡ್ತಿ ಅರ್ಜಿಯಲ್ಲಿ ಏನು ಬರೆಯಲಿ?

ಕೇಳಿದ ಅಂಕಿಗಳನ್ನು ಬರೆಯಿರಿ, ತಪ್ಪಿಸಿಕೊಳ್ಳಲಾಗುವುದಿಲ್ಲ. ಅದರ ಕೆಳಗೆ ಜಾಗ ಉಳಿದಿದ್ದರೆ ನಿಮ್ಮ ಎರಡು ಮೂರು ಪೇಪರು ಆರಿಸಿ, ಏನು ಕಂಡುಕೊಂಡಿರಿ, ಅದರಲ್ಲಿ ನಿಮ್ಮ ಕೈ ಎಷ್ಟು ಎಂದು ನಾಲ್ಕು ಸಾಲು ಬರೆಯಿರಿ. ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುತ್ತೇವೆ ಎಂಬ ಈಮೇಲುಗಳಿಗೆ ಉತ್ತರ ಕೊಡಬೇಡಿ.

1959ರ ಆ ಪೇಪರ್ ಓದಬೇಕು, ಎಲ್ಲಿದೆ?

'ನೇಚರ್' ಸಂಪುಟ 183, ಪುಟ 1533. ಮುಂದಿನ ಪುಟದಲ್ಲೇ ಮುಗಿಯುತ್ತದೆ. ಸಾರಾಂಶವಿಲ್ಲ. ಕಾಫಿ ಆರುವಷ್ಟರಲ್ಲಿ ಓದಿ ಮುಗಿಸಬಹುದು.